ಓದುಗರ ಪ್ರಶ್ನೆ, ನಮ್ಮ ಉತ್ತರ: ಬೇಲಿ ಹಾಕಿದ ದಡಗಳ ನಡುವಿನ ರಭಸದ ನದಿ

ರಸ್ತೆಯಿಂದ ದೂರವಿರುವ ರಭಸದ ನದಿಯಲ್ಲಿ ಕಯಾಕ್ (ಕುಳಿತು ಹುಟ್ಟು ಹಾಕುವ ಕಿರುದೋಣಿ) ಅಥವಾ ಚಿಕ್ಕ ರಾಫ್ಟ್ (ಗಾಳಿ ತುಂಬಿದ ತೆಪ್ಪ) ಇಳಿಸಬೇಕು, ಆದರೆ ಎರಡೂ ದಂಡೆ ಖಾಸಗಿ ಜಮೀನು. ಈ ಬಾರಿ ಬಂದ ಪತ್ರಗಳಲ್ಲಿ ಬಹುಪಾಲು ಇದರ ಸುತ್ತಲೇ ಇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ. ಎಡದಂಡೆ, ಬಲದಂಡೆ ಎಂದಾಗಲೆಲ್ಲ ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತವರ ಎಡ, ಬಲ ಎಂದು ಓದಿಕೊಳ್ಳಿ.

ಪ್ರಶ್ನೆ: ನಕ್ಷೆಯಲ್ಲಿ 18 ಕಿ.ಮೀ. ಉದ್ದದ ಒಂದು ನದಿಪಾತ್ರ ಗುರುತಿಸಿಕೊಂಡಿದ್ದೇವೆ. ದೋಣಿ ಇಳಿಸುವ ಸೇತುವೆಯೂ ಮುಗಿಸುವ ಜಾಗವೂ ಸಾರ್ವಜನಿಕ. ನಡುವಿನದೆಲ್ಲ ಖಾಸಗಿ ಜಮೀನು. ದಡ ಮುಟ್ಟದೆ ಸಾಗಿದರೆ ಯಾರ ಅನುಮತಿಯೂ ಬೇಡವಲ್ಲವೇ?

ಉತ್ತರ: ನೀರು, ನದಿಯ ತಳ, ದಡ ಈ ಮೂರಕ್ಕೂ ಕಾನೂನು ಬೇರೆ ಬೇರೆ ಇರಬಹುದು. ನೀರು ಎಲ್ಲರದಾಗಿದ್ದು ತಳ ಮಾತ್ರ ಜಮೀನುದಾರರದ್ದಾಗಿರುವ ಕಡೆಗಳಿವೆ. ಅಮೆರಿಕದ ಕೊಲೊರಾಡೊದಲ್ಲಿ ರಾಫ್ಟಿನಲ್ಲಿ ತೇಲುತ್ತ ನಡುನಡುವೆ ತಳ ಮುಟ್ಟಿದವರ ಮೇಲಿನ ಅತಿಕ್ರಮಣದ ಶಿಕ್ಷೆಯನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1979ರಲ್ಲಿ ಎತ್ತಿಹಿಡಿಯಿತು. ಅದೇ ದೇಶದ ಮೊಂಟಾನಾದಲ್ಲಿ 1985ರ ಕಾಯ್ದೆ ಇದಕ್ಕೆ ತದ್ವಿರುದ್ಧ: ಮಾಮೂಲು ತುಂಬುನೀರಿನ ಗೆರೆಯೊಳಗೆ ಜನ ಓಡಾಡಬಹುದು, ಅಡ್ಡಿ ಎದುರಾದರೆ ಜಮೀನಿಗೆ ಆದಷ್ಟೂ ಕಡಿಮೆ ತೊಂದರೆಯಾಗುವ ಹಾಗೆ ದಡದ ಮೇಲೆ ದೋಣಿ ಹೊತ್ತು ದಾಟಲೂಬಹುದು. ಖಾಸಗಿ ತಳದ ಮೇಲೆ ಕಾಲಿಟ್ಟು ನಡೆಯುವ ಹಕ್ಕನ್ನು ನ್ಯೂ ಮೆಕ್ಸಿಕೊದ ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಎತ್ತಿಹಿಡಿಯಿತು. ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯ್ದೆ, ಹೊಣೆಯರಿತು ನಡೆದುಕೊಳ್ಳುವವರಿಗೆ ಒಳನಾಡಿನ ನೀರಿನ ಮೇಲೂ ಹೆಚ್ಚಿನ ಜಮೀನುಗಳ ಮೇಲೂ ಓಡಾಡುವ ಹಕ್ಕು ಕೊಟ್ಟಿದೆ. ಹೀಗೆ ಒಂದು ಗಡಿ ದಾಟಿದರೆ ನಿಯಮ ತಲೆಕೆಳಗಾಗುತ್ತದೆ. ಆದ್ದರಿಂದ ನಿಮ್ಮ ನದಿ ಹರಿಯುವ ಕಡೆ ಈ ಮೂರರ ಬಗ್ಗೆಯೂ ಕಂದಾಯ ದಾಖಲೆ ನೋಡಿ, ಬಲ್ಲವರನ್ನು ಕೇಳಿ, ಬರೆದಿಟ್ಟುಕೊಳ್ಳಿ.

ಆದರೆ ನಿಮ್ಮ ಪ್ರಶ್ನೆಯ ಗಂಟು ಕಾನೂನಿನಲ್ಲಿಲ್ಲ, ‘ದಡ ಮುಟ್ಟದೆ’ ಎಂಬ ಮಾತಿನಲ್ಲಿದೆ. ನಿಧಾನವಾಗಿ ಹರಿಯುವ ನದಿಯಲ್ಲಿ ಅದು ಸಾಧ್ಯ. ರಭಸದ ನದಿಯಲ್ಲಿ ಅಡ್ಡ ಬಿದ್ದ ಮರ, ದಾಟಲಾಗದ ಧುಮುಕು, ಮಗುಚಿದ ದೋಣಿ, ಕೀಲು ತಪ್ಪಿದ ಭುಜ, ಇವುಗಳಲ್ಲಿ ಯಾವುದಾದರೂ ಒಂದು ನಿಮ್ಮನ್ನು ದಡಕ್ಕೆ ಹತ್ತಿಸಿಯೇ ಹತ್ತಿಸುತ್ತದೆ. ಆಪತ್ತಿನಲ್ಲಿ ಪರರ ಜಮೀನಿಗೆ ಕಾಲಿಡುವುದನ್ನು ಬಹಳಷ್ಟು ಕಾನೂನು ಪದ್ಧತಿಗಳು ಮನ್ನಿಸುತ್ತವೆ. ಇದಕ್ಕೆ ಹಳೆಯ ಎರಡು ತೀರ್ಪುಗಳನ್ನು ಇಂದಿಗೂ ಕಾನೂನು ತರಗತಿಗಳಲ್ಲಿ ಓದಿಸುತ್ತಾರೆ, ಎರಡೂ ದೋಣಿಗೆ ಸಂಬಂಧಿಸಿದವೇ. ಬಿರುಗಾಳಿಯಲ್ಲಿ ಬೇರೆಯವರ ದೋಣಿಕಟ್ಟೆಗೆ ಕಟ್ಟಿದ್ದ ದೋಣಿಯನ್ನು ಅವರ ಆಳು ಬಿಚ್ಚಿಬಿಟ್ಟ ಪ್ರಕರಣದಲ್ಲಿ ಅಮೆರಿಕದ ವರ್ಮಾಂಟ್ ನ್ಯಾಯಾಲಯ 1908ರಲ್ಲಿ ದೋಣಿಯವರ ಪರ ನಿಂತಿತು. 1910ರಲ್ಲಿ ಮಿನ್ನೆಸೋಟಾದ ನ್ಯಾಯಾಲಯ ಅದರ ಇನ್ನೊಂದು ಮುಖ ಹೇಳಿತು: ಬಿರುಗಾಳಿಯಲ್ಲಿ ಹಡಗು ಕಟ್ಟಿಕೊಂಡೇ ಇದ್ದದ್ದು ಸರಿ, ಆದರೆ ಕಟ್ಟೆಗೆ ಆದ ನಷ್ಟ ಕಟ್ಟಿಕೊಡಬೇಕು.

ಇಲ್ಲೊಂದು ಮುಖ್ಯ ಎಚ್ಚರ. ‘ಏಳನೇ ಕಿಲೋಮೀಟರಿನಲ್ಲಿ ಜಲಪಾತವಿದೆ, ಅಲ್ಲಿ ದೋಣಿ ಹೊತ್ತು ದಾಟಬೇಕು’ ಎಂದು ನಿಮಗೆ ಮೊದಲೇ ಗೊತ್ತಿದ್ದರೆ ಅದು ಆಪತ್ತು ಅನ್ನಿಸಿಕೊಳ್ಳುವುದು ಕಷ್ಟ. ಅದು ನಿಮ್ಮ ಯೋಜನೆ, ಅದಕ್ಕೆ ಅನುಮತಿ ಬೇಕು. ಎರಡೂ ತುದಿ ಸಾರ್ವಜನಿಕವಾಗಿದ್ದರೂ ನಡುವಿನ ಜಮೀನುದಾರರನ್ನು ಕಾಣಲೇಬೇಕು ಎಂದು ನಾವು ಹೇಳುವುದು ಇದಕ್ಕೇ. ನಡುದಾರಿಯಲ್ಲಿ ಹೊರಬರುವ ಒಂದು ಜಾಗ ಸಿಗದಿದ್ದರೆ ಆ ಪಾತ್ರದಲ್ಲಿ ದೋಣಿ ಇಳಿಸಬೇಡಿ.

ಪ್ರಶ್ನೆ: ಅನುಮತಿ ಕೇಳುವುದು ಹೇಗೆ? ಒಬ್ಬರು ‘ಬೇಡ’ ಎಂದರು, ಇನ್ನೊಬ್ಬರ ಕಾವಲುಗಾರರು ‘ಹೋಗಿ’ ಎಂದರು.

ಉತ್ತರ: ಕಾವಲುಗಾರರ ಬಾಯಿಮಾತು ಅನುಮತಿಯಲ್ಲ. ಮಾಲೀಕರು ಬಂದು ಕೇಳಿದರೆ ನೀವೂ ಸಿಕ್ಕಿಕೊಳ್ಳುತ್ತೀರಿ, ಆ ಪಾಪದವರ ಕೆಲಸಕ್ಕೂ ಕುತ್ತು ಬರುತ್ತದೆ. ಜಮೀನು ಗೇಣಿಗಿದ್ದರೆ ಮಾಲೀಕರ ಜೊತೆ ಉಳುವವರನ್ನೂ ಕೇಳಿ, ಏಕೆಂದರೆ ಬೇಲಿ, ದನ, ಬೆಳೆ ಅವರದ್ದು.

‘ನಿಮ್ಮ ಜಮೀನಿನಲ್ಲಿ ಹಾದುಹೋಗಬಹುದೇ’ ಎಂದು ಒಟ್ಟಾಗಿ ಕೇಳಿದರೆ ಒಟ್ಟಾಗಿಯೇ ಇಲ್ಲ ಎನ್ನುತ್ತಾರೆ. ಬಿಡಿಬಿಡಿಯಾಗಿ ಕೇಳಿ. ಗಾಡಿ ನಿಲ್ಲಿಸಬಹುದೇ? ಇಂಥ ಕಡೆ ಬದುವಿನ ಮೇಲೆ 300 ಮೀಟರ್ ದೋಣಿ ಹೊತ್ತು ನಡೆಯಬಹುದೇ? ಯಾರಿಗಾದರೂ ಪೆಟ್ಟಾದರೆ ಮಾತ್ರ ಈ ಗೇಟಿನಿಂದ ಹೊರಗೆ ಬರಬಹುದೇ? ಮೊದಲ ಎರಡಕ್ಕೆ ಒಪ್ಪದವರೂ ಮೂರನೆಯದಕ್ಕೆ ಒಪ್ಪುವುದುಂಟು. ನಿಮಗೆ ಬೇಕಾದದ್ದೂ ಮುಖ್ಯವಾಗಿ ಅದೇ.

ಒಂದೇ ಪುಟದ ಪತ್ರ ಸಾಕು. ದಿನಾಂಕ, ಮಳೆ ಹೆಚ್ಚಾದರೆ ಬದಲಿ ದಿನಾಂಕ, ಎಷ್ಟು ಜನ, ಎಷ್ಟು ದೋಣಿ, ಗಾಡಿ ಸಂಖ್ಯೆ, ಅವರ ಜಮೀನು ಮುಟ್ಟುವ ಅಂದಾಜು ಹೊತ್ತು, ಇಬ್ಬರ ಫೋನ್ ನಂಬರ್ ಬರೆಯಿರಿ. ಬೆಂಕಿ ಹಾಕುವುದಿಲ್ಲ, ನಾಯಿ ತರುವುದಿಲ್ಲ, ಆದ ನಷ್ಟ ಕಟ್ಟಿಕೊಡುತ್ತೇವೆ ಎಂದು ಸೇರಿಸಿ. ನಕ್ಷೆಯ ಪ್ರತಿಯಲ್ಲಿ ನಡೆಯುವ ದಾರಿಗೆ ಗೆರೆ ಎಳೆದು ಲಗತ್ತಿಸಿ. ಜಮೀನುದಾರರ ಆತಂಕ ಹೆಚ್ಚಾಗಿ ಮೂರು: ಗೇಟು ತೆರೆದಿಟ್ಟು ಹೋದರೆ ದನ ತಪ್ಪಿಸಿಕೊಳ್ಳುತ್ತದೆ, ಯಾರಾದರೂ ಸತ್ತರೆ ತಮ್ಮ ತಲೆಗೆ ಬರುತ್ತದೆ, ಇಂದು ನಾಲ್ಕು ಜನ ಬಂದರೆ ನಾಳೆ ನಲವತ್ತು ಜನ ಬರುತ್ತಾರೆ. ಅವರು ಬಾಯಿ ಬಿಟ್ಟು ಕೇಳದಿದ್ದರೂ ಮೂರಕ್ಕೂ ಉತ್ತರ ಕೊಡಿ. ಗೇಟು ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಬಿಡಿ. ದನ ನೀರಿಗೆ ಬರಲೆಂದೇ ಕೆಲವನ್ನು ತೆರೆದಿಟ್ಟಿರುತ್ತಾರೆ. ಅವರು ತೋರಿಸಿದ ದಾರಿಯ ನಕ್ಷೆಯನ್ನು ಬೇರೆಯವರಿಗೆ ಹಂಚಬೇಡಿ. ಮೀನು ಸಾಕುವವರಿದ್ದರೆ ಇನ್ನೊಂದು ಮಾತು: ಬೇರೆ ನದಿಯಲ್ಲಿ ಬಳಸಿದ ದೋಣಿ, ಬೂಟು, ಹಗ್ಗಗಳನ್ನು ತೊಳೆದು ಪೂರ್ತಿ ಒಣಗಿಸಿಯೇ ತನ್ನಿ, ಹಾಗೆಂದು ಅವರಿಗೆ ಹೇಳಿ. ನ್ಯೂಜಿಲೆಂಡಿನ ನದಿಗಳಲ್ಲಿ 2004ರಲ್ಲಿ ಕಂಡುಬಂದ ಡಿಡಿಮೊ ಎಂಬ ಪಾಚಿ ಒದ್ದೆ ಸಲಕರಣೆಗೆ ಅಂಟಿಕೊಂಡೇ ನದಿಯಿಂದ ನದಿಗೆ ಹೋಗಬಲ್ಲದು.

‘ಬೇಡ’ ಎಂದವರ ಜೊತೆ ವಾದಕ್ಕಿಳಿಯಬೇಡಿ. ‘ಆಪತ್ತಿನಲ್ಲಿ ಯಾರಿಗೆ ಫೋನ್ ಮಾಡಲಿ’ ಎಂದು ಮಾತ್ರ ಕೇಳಿ, ನಂಬರ್ ಬರೆದುಕೊಳ್ಳಿ, ಎದುರು ದಂಡೆಯವರನ್ನು ಕೇಳಲು ಹೋಗಿ.

ಪ್ರಶ್ನೆ: 18 ಕಿ.ಮೀ.ಯನ್ನು ಒಂದೇ ದಿನದಲ್ಲಿ ಮುಗಿಸಬಹುದೇ? ಜಮೀನಿನಲ್ಲಿ ರಾತ್ರಿ ತಂಗಲು ಒಪ್ಪಿಗೆ ಇಲ್ಲ.

ಉತ್ತರ: ನೀವು ಕಳಿಸಿದ ವಿವರದ ಮೇಲೆ ಲೆಕ್ಕ ಹಾಕೋಣ. 12 ಕಿ.ಮೀ. ಸಲೀಸಾದ ಹರಿವು, ಗಂಟೆಗೆ 4 ಕಿ.ಮೀ.ಯಂತೆ 3 ಗಂಟೆ. 6 ಕಿ.ಮೀ. ರ‍್ಯಾಪಿಡ್‌ಗಳು, ಅಂದರೆ ಬಂಡೆಗಳ ನಡುವೆ ನೀರು ನೊರೆಗಟ್ಟಿ ನುಗ್ಗುವ ಕಡೆಗಳು; ನಿಂತು ನೋಡಿ ಒಬ್ಬೊಬ್ಬರೇ ಇಳಿಯುವಾಗ ಗಂಟೆಗೆ ಒಂದೂವರೆ ಕಿ.ಮೀ. ದಾಟಿದರೆ ಹೆಚ್ಚು, ಅದಕ್ಕೆ 4 ಗಂಟೆ. ಎರಡು ಕಡೆ ದೋಣಿ ಹೊರಲು ತಲಾ 45 ನಿಮಿಷ. ಊಟ, ದೋಣಿಯ ನೀರು ಸುರಿಯುವುದು ಎಂದು ಅರ್ಧ ಗಂಟೆ. ಒಟ್ಟು 9 ಗಂಟೆ, ಅದೂ ಏನೂ ಎಡವಟ್ಟಾಗದಿದ್ದರೆ. ಒಬ್ಬರು ದೋಣಿಯಿಂದ ಹೊರಬಿದ್ದರೆ ಅವರನ್ನು ಎಳೆದು, ದೋಣಿ ಹಿಡಿದು, ಕೈಬಿಟ್ಟ ಪ್ಯಾಡಲ್ (ಹುಟ್ಟು) ಹುಡುಕುವುದರೊಳಗೆ ಅರ್ಧ ಗಂಟೆ ಹೋಗಿರುತ್ತದೆ. ಆದ್ದರಿಂದ ಮೂರನೇ ಒಂದು ಭಾಗ ಕೂಡಿಸಲೇಬೇಕು: 12 ಗಂಟೆ. ಬೆಳಿಗ್ಗೆ 7ಕ್ಕೆ ಹೊರಟರೆ ಸಂಜೆ 7. ಸೂರ್ಯಾಸ್ತ 6.30ಕ್ಕೆ ಎಂದಾದರೆ ಕೊನೆಯ ಅರ್ಧ ಗಂಟೆ ಕತ್ತಲೆಯಲ್ಲಿ.

ಈಗ 10ನೇ ಕಿಲೋಮೀಟರಿನಲ್ಲಿ ಹೊರಬರುವ ಒಂದು ಗೇಟು ಸಿಕ್ಕಿತು ಎನ್ನಿ. ನಿಮ್ಮ ನಕ್ಷೆಯ ಪ್ರಕಾರ ಮೊದಲ 10 ಕಿ.ಮೀ.ಯಲ್ಲಿ 8 ಸಲೀಸು, 2 ರ‍್ಯಾಪಿಡ್, ಒಮ್ಮೆ ದೋಣಿ ಹೊರುವುದು. ಊಟ ಸೇರಿ 4 ಗಂಟೆ 35 ನಿಮಿಷ, ಅಂದರೆ 11.35ಕ್ಕೆ ಅಲ್ಲಿರಬೇಕು. ಉಳಿದ 8 ಕಿ.ಮೀ.ಗೆ 4 ಗಂಟೆ 25 ನಿಮಿಷ, ಎಡವಟ್ಟಿನ ಪಾಲು ಸೇರಿಸಿದರೆ ಹತ್ತಿರ ಹತ್ತಿರ 6 ಗಂಟೆ. ಹಾಗಾಗಿ ಗಡುವು ಮಧ್ಯಾಹ್ನ 12. ಗೇಟು ತಲುಪಿದ್ದು 12 ದಾಟಿದ ಮೇಲಾದರೆ ಅಲ್ಲಿಗೇ ಮುಗಿಸಿ. ಈ ಗಡುವನ್ನು ಹೊರಡುವ ಮುನ್ನ ಎಲ್ಲರೂ ಒಪ್ಪಿರಬೇಕು, ಏಕೆಂದರೆ ನದಿಯಲ್ಲಿ ಹುರುಪಿನಲ್ಲಿದ್ದಾಗ ‘ಇನ್ನೇನು ಎಂಟೇ ಕಿಲೋಮೀಟರ್’ ಎನ್ನುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಗೇಟು ಸಿಗದಿದ್ದರೆ? ನಿಮ್ಮ ಪಾತ್ರ ಒಂದು ದಿನದ ಪಾತ್ರವಲ್ಲ.

ಪ್ರಶ್ನೆ: ಈ ನದಿಗೆ ನೀರಿನ ಮಾಪಕವೇ ಇಲ್ಲ. ಎಷ್ಟು ನೀರಿದೆ ಎಂದು ತಿಳಿಯುವುದು ಹೇಗೆ?

ಉತ್ತರ: ಎರಡು ದಾರಿ ಇವೆ, ಎರಡನ್ನೂ ಬಳಸಿ ತಾಳೆ ನೋಡಿ.

ಮೊದಲನೆಯದು ಪಕ್ಕದ ನದಿಯ ಮಾಪಕದಿಂದ ಅಂದಾಜು. ಮಾಪಕವಿರುವ ಜಾಗದ ಜಲಾನಯನ ಪ್ರದೇಶ 400 ಚದರ ಕಿ.ಮೀ., ನಿಮ್ಮ ನದಿಯದು 150 ಚದರ ಕಿ.ಮೀ. ಎಂದಿಟ್ಟುಕೊಳ್ಳಿ. ಅಲ್ಲಿ ಸೆಕೆಂಡಿಗೆ 20 ಘನ ಮೀಟರ್ ಹರಿಯುತ್ತಿದ್ದರೆ ನಿಮ್ಮಲ್ಲಿ 7.5 ಘನ ಮೀಟರ್, ಅಂದರೆ ಸುಮಾರು 265 ಕ್ಯುಸೆಕ್. ಎರಡೂ ಕಡೆ ಒಂದೇ ಬಗೆಯ ನೆಲ, ಒಂದೇ ಮಳೆ ಇದ್ದರೆ ಮಾತ್ರ ಈ ಲೆಕ್ಕ ಸರಿ. ಚಿಕ್ಕ ಜಲಾನಯನದ ನದಿ ದೊಡ್ಡದಕ್ಕಿಂತ ಬೇಗ ಏರುತ್ತದೆ, ಬೇಗ ಇಳಿಯುತ್ತದೆ ಎಂಬುದು ನೆನಪಿರಲಿ. ಪಕ್ಕದ ಮಾಪಕ ಇನ್ನೂ ಶಾಂತವಾಗಿರುವಾಗಲೇ ನಿಮ್ಮ ನದಿ ತುಂಬಿರಬಹುದು.

ಎರಡನೆಯದು ಸೇತುವೆಯ ಬಳಿ ನೀವೇ ಅಳೆಯುವುದು. ಹರಿವು ನೇರವಾಗಿರುವ 20 ಮೀಟರ್ ಉದ್ದ ಗುರುತಿಸಿ. ಒಂದು ಕಡ್ಡಿ ತೇಲಿಬಿಟ್ಟು ಸೆಕೆಂಡು ಎಣಿಸಿ. ಐದಾರು ಸಲ, ನಡುವೆಯೂ ಅಂಚಿನಲ್ಲೂ ಬಿಟ್ಟು ಸರಾಸರಿ ತೆಗೆಯಿರಿ. 16 ಸೆಕೆಂಡ್ ಬಂದರೆ ಮೇಲ್ಮೈ ವೇಗ ಸೆಕೆಂಡಿಗೆ 1.25 ಮೀಟರ್. ತಳದ ನೀರು ನಿಧಾನವಾಗಿರುವುದರಿಂದ 0.85ರಿಂದ ಗುಣಿಸಿ: 1.06. ಅಗಲ 12 ಮೀಟರ್, ಸರಾಸರಿ ಆಳ 0.6 ಮೀಟರ್ ಆದರೆ ಅಡ್ಡಕೊಯ್ತ 7.2 ಚದರ ಮೀಟರ್. ಗುಣಿಸಿದರೆ 7.6 ಘನ ಮೀಟರ್, ಸುಮಾರು 270 ಕ್ಯುಸೆಕ್. ತಳದ ತುಂಬ ಬಂಡೆಗಳಿದ್ದರೆ 0.85ರ ಬದಲು 0.8 ಅಥವಾ ಅದಕ್ಕೂ ಕಡಿಮೆ ಹಿಡಿಯಿರಿ. ಎರಡು ದಾರಿಯ ಉತ್ತರಗಳು ತೀರಾ ದೂರವಿದ್ದರೆ ಮೇಲ್ಭಾಗದಲ್ಲಿ ಎಲ್ಲೋ ಮಳೆಯಾಗಿರಬಹುದು, ಅಥವಾ ಅಣೆಕಟ್ಟೆಯವರು ನೀರು ಬಿಟ್ಟಿರಬಹುದು ಇಲ್ಲವೇ ತಡೆದಿರಬಹುದು. ವಿಚಾರಿಸದೆ ಇಳಿಯಬೇಡಿ.

ನೀರಿನ ವೇಗ ಎರಡು ಪಟ್ಟಾದರೆ ಒತ್ತುವ ಬಲ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ ಸುಮಾರು 5 ಕಿ.ಮೀ. ಹರಿವಿನಲ್ಲಿ, ನೀರು ತುಂಬಿ ಅಡ್ಡ ಸಿಕ್ಕಿಕೊಂಡ ಕ್ಯಾನೂ (ಮೇಲೆ ತೆರೆದಿರುವ ಉದ್ದನೆಯ ದೋಣಿ) ಮೇಲೆ ಬೀಳುವ ಬಲ 75 ಕಿಲೋ ತೂಕದಷ್ಟು. ಹರಿವು 10 ಕಿ.ಮೀ. ಆದರೆ 300 ಕಿಲೋ. ಕಳೆದ ಬಾರಿ ಇಬ್ಬರೇ ಬಿಡಿಸಿದ ದೋಣಿ ಈ ಬಾರಿ ನಾಲ್ವರಿಗೂ ಜಗ್ಗದೆ ಹೋದರೆ ಕಾರಣ ಇದೇ.

ನಿಂತಲ್ಲೆಲ್ಲ ನೀರಿನಂಚಿಗೆ ಸರಿಯಾಗಿ ಒಂದು ಕಲ್ಲಿಡಿ. ಕಾಲು ಗಂಟೆಯಲ್ಲಿ ನೀರು ಕಲ್ಲಿನ ಮೇಲೆ ನಾಲ್ಕು ಬೆರಳು ಏರಿದರೆ, ಬಣ್ಣ ಕದಡಿದರೆ, ತರಗೆಲೆ ಮತ್ತು ಕಡ್ಡಿ ದಂಡಿಯಾಗಿ ತೇಲಿಬರತೊಡಗಿದರೆ ಮುಂದಿನ ಕಮರಿಗೆ ಇಳಿಯಬೇಡಿ. ಇಕ್ಕಟ್ಟಾದ ಜಾಗದಲ್ಲಿ ಅದೇ ನಾಲ್ಕು ಬೆರಳು ಒಂದು ಮೊಳವಾಗಿರಬಹುದು.

ಪ್ರಶ್ನೆ: ದಡಕ್ಕೆ ಹತ್ತದೆ ರ‍್ಯಾಪಿಡ್ ನೋಡುವುದು ಹೇಗೆ?

ಉತ್ತರ: ಮನೆಯಲ್ಲೇ ಅರ್ಧ ಕೆಲಸ ಮುಗಿಸಬಹುದು. ನಕ್ಷೆಯ ಸಮೋನ್ನತ ರೇಖೆಗಳು ನದಿಯನ್ನು ದಾಟುವ ಕಡೆಗಳನ್ನು ಗುರುತು ಹಾಕಿ. ಕಿಲೋಮೀಟರಿಗೆ ಸರಾಸರಿ 5 ಮೀಟರ್ ಇಳಿಜಾರು ಎಂದರೆ ಸೌಮ್ಯವೆನಿಸುತ್ತದೆ, ಆದರೆ 10 ಕಿ.ಮೀ.ಯ 50 ಮೀಟರ್ ಇಳಿತದಲ್ಲಿ 30 ಮೀಟರ್ ಒಂದೇ ಕಡೆ ಇರಬಹುದು. ಸರಾಸರಿ ನಂಬಬೇಡಿ, ರೇಖೆಗಳು ಒತ್ತೊತ್ತಾಗಿ ಬರುವ ಜಾಗ ನೋಡಿ. ಉಪಗ್ರಹ ಚಿತ್ರದಲ್ಲಿ ಬಿಳಿ ನೊರೆ, ಪಾತ್ರ ಥಟ್ಟನೆ ಕಿರಿದಾಗುವ ಕಡೆ, ನೆರಳು ಮುಚ್ಚಿದ ಕಡೆ ಗುರುತಿಸಿ. ಚಿತ್ರ ತೆಗೆದ ತಿಂಗಳು ಯಾವುದು ಎಂದೂ ನೋಡಿ. ಬೇಸಿಗೆಯ ಚಿತ್ರ ಮಳೆಗಾಲದ ನದಿಯ ಸಂಗತಿ ಹೇಳುವುದಿಲ್ಲ.

ನೀರಿನ ಮೇಲೆ ಇರುವಾಗ ಎಡ್ಡಿಗಳೇ ನಿಮ್ಮ ದಡ. ದೊಡ್ಡ ಬಂಡೆಯ ಕೆಳಬದಿಯಲ್ಲಿ ನೀರು ಹಿಂದಕ್ಕೆ ತಿರುಗಿ ತಂಗುವ ಜಾಗ ಅದು. ಒಂದರಿಂದ ಇನ್ನೊಂದಕ್ಕೆ ಹೋಗಿ ನಿಂತು, ಕುತ್ತಿಗೆ ತಿರುಗಿಸಿ ಕೆಳಗೆ ನೋಡುತ್ತ ಇಳಿಯಬೇಕು. ನಿಯಮ ಒಂದೇ: ಕೆಳಗಿನ ಎಡ್ಡಿ ಕಾಣದೆ ಈಗಿರುವ ಎಡ್ಡಿ ಬಿಡಬೇಡಿ. ಎದುರಿಗೆ ನೀರು ಗೆರೆ ಎಳೆದಂತೆ ಮುಗಿದು, ಅದರಾಚೆ ದಡದ ಮರಗಳ ನೆತ್ತಿ ಮಾತ್ರ ಕಾಣುತ್ತಿದ್ದರೆ ಅಲ್ಲಿ ಧುಮುಕಿದೆ. ಮೊದಲು ಹೋದವರು ಪ್ಯಾಡಲ್ ನೆಟ್ಟಗೆ ಎತ್ತಿ ಹಿಡಿದರೆ ಬನ್ನಿ, ಅಡ್ಡ ಹಿಡಿದರೆ ನಿಲ್ಲಿ. ಬದಿಗೆ ತೋರಿಸುವಾಗ ಹೋಗಬೇಕಾದ ಕಡೆಯನ್ನೇ ತೋರಿಸಬೇಕು, ಅಪಾಯದ ಕಡೆಗೆ ಎಂದೂ ಬೊಟ್ಟು ಮಾಡಬಾರದು. ದೂರದಿಂದ ನೋಡುವವರಿಗೆ ಎರಡೂ ಒಂದೇ.

ಡ್ರೋನ್ ಬಗ್ಗೆ ಕೇಳಿದ್ದೀರಿ. ಬೇರೆಯವರ ಮನೆ, ಜಮೀನಿನ ಮೇಲೆ ಹಾರಿಸಲು ಅದಕ್ಕೂ ಒಪ್ಪಿಗೆ ಬೇಕು. ನೀರಿನ ಮಟ್ಟದಲ್ಲಿರುವ ತಂತಿ ಮೇಲಿನಿಂದ ಕಾಣುವುದೂ ಇಲ್ಲ.

ಪ್ರಶ್ನೆ: ಆ ತಂತಿಯ ಬಗ್ಗೆಯೇ ನಮ್ಮ ಪ್ರಶ್ನೆ. ನದಿಗೆ ಅಡ್ಡಲಾಗಿ ಮುಳ್ಳುತಂತಿ ಕಟ್ಟುತ್ತಾರಂತೆ, ನಿಜವೇ?

ಉತ್ತರ: ನಿಜ. ದನ ಮೇಯುವ ಕಡೆ ಇದು ಸಾಮಾನ್ಯ. ನೀರು ಇಳಿದಾಗ ದನಗಳು ನದಿ ದಾಟಿ ಪಕ್ಕದ ಜಮೀನಿಗೆ ಹೋಗದಿರಲಿ ಎಂದು ಕಟ್ಟುತ್ತಾರೆ, ದೋಣಿಯವರ ಮೇಲಿನ ಹಗೆಯಿಂದ ಅಲ್ಲ. ಬೇಸಿಗೆಯಲ್ಲಿ ನೀರಿನಿಂದ ಒಂದು ಮೀಟರ್ ಮೇಲಿದ್ದ ತಂತಿ, ನೀರು 40 ಸೆಂ.ಮೀ. ಏರಿದಾಗ ಕಯಾಕಿನಲ್ಲಿ ಕುಳಿತವರ ಕುತ್ತಿಗೆಗೆ ಸರಿಯಾಗಿ ಬರುತ್ತದೆ. ತುಕ್ಕು ಹಿಡಿದ ತಂತಿ ತೀರಾ ಹತ್ತಿರ ಬರುವವರೆಗೂ ಕಣ್ಣಿಗೆ ಬೀಳದೆ ಹೋಗಬಹುದು.

ತಂತಿಯನ್ನು ಹುಡುಕಬೇಡಿ, ಅದರ ಕುರುಹು ಹುಡುಕಿ. ಎರಡೂ ದಂಡೆಯಲ್ಲಿ ಎದುರುಬದುರಾಗಿ ಕಂಬ ಇವೆಯೇ? ನೀರಿನ ಮೇಲೆ ಗಾಳಿಯಲ್ಲಿ ಒಣಹುಲ್ಲು, ಪ್ಲಾಸ್ಟಿಕ್ ಚೂರು ಸಾಲಾಗಿ ತೂಗುತ್ತಿದೆಯೇ? ಹಿಂದಿನ ನೆರೆಯಲ್ಲಿ ತಂತಿಗೆ ಸಿಕ್ಕ ಕಸ ಅದು. ಉಪಗ್ರಹ ಚಿತ್ರದಲ್ಲೂ ಸುಳಿವಿದೆ: ಜಮೀನಿನ ಗಡಿಗೆರೆ ಎಡದಂಡೆಗೆ ಬಂದು ಮುಟ್ಟಿ, ಅದೇ ನೇರದಲ್ಲಿ ಬಲದಂಡೆಯಿಂದ ಮುಂದುವರಿದಿದ್ದರೆ ಅಲ್ಲಿ ತಂತಿ ಇದೆ ಎಂದೇ ಎಣಿಸಿ ನಕ್ಷೆಯಲ್ಲಿ ಗೀಟು ಹಾಕಿ. ಎಲ್ಲಕ್ಕಿಂತ ಸುಲಭದ ದಾರಿ, ಅನುಮತಿ ಕೇಳಲು ಹೋದಾಗಲೇ ‘ನದಿಗೆ ತಂತಿ ಎಲ್ಲೆಲ್ಲಿದೆ’ ಎಂದು ವಿಚಾರಿಸುವುದು. ಕಟ್ಟಿದವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಕೆಲವರು ಆ ಒಂದು ದಿನಕ್ಕೆ ಬಿಚ್ಚಿಯೂ ಕೊಡುತ್ತಾರೆ.

ಕತ್ತರಿಸುವುದು ಬೇಡವೇ ಬೇಡ. ಅದು ಅಪರಾಧ, ಮರುದಿನ ದನ ಕಳೆದುಕೊಂಡವರು ಮುಂದೆ ಬರುವ ಎಲ್ಲರಿಗೂ ಬಾಗಿಲು ಹಾಕುತ್ತಾರೆ, ಜೊತೆಗೆ ಬಿಗಿದ ತಂತಿ ಕತ್ತರಿಸಿದ ಕ್ಷಣ ಚಾಟಿಯಂತೆ ಹಿಂದಕ್ಕೆ ಹೊಡೆಯುತ್ತದೆ. ನೀರು ನಿಧಾನವಾಗಿ ಹರಿಯುವ ಕಡೆ ಒಬ್ಬರು ದಂಡೆಯ ಬದಿ ನಿಂತು ಪ್ಯಾಡಲಿನಿಂದ ತಂತಿ ಎತ್ತಿ ಹಿಡಿದು, ಉಳಿದವರು ಒಬ್ಬೊಬ್ಬರೇ ಅಂಚಿನಲ್ಲಿ ದಾಟಬಹುದು. ಸೆಳವು ಜೋರಿದ್ದರೆ ದೋಣಿ ಹೊತ್ತೇ ದಾಟಬೇಕು.

ಅಡ್ಡ ಬಿದ್ದ ಮರವೂ ಇದೇ ಜಾತಿಯ ಅಪಾಯ. ಜರಡಿಯಂತೆ ನೀರನ್ನು ಬಿಡುತ್ತದೆ, ಮನುಷ್ಯರನ್ನು ಹಿಡಿಯುತ್ತದೆ. ದೋಣಿಯಿಂದ ಬಿದ್ದವರು ಸಾಮಾನ್ಯವಾಗಿ ಅಂಗಾತ ಮಲಗಿ, ಕಾಲು ಮುಂದೆ ಚಾಚಿ, ಬೆರಳು ನೀರಿನ ಮೇಲೆ ಇರಿಸಿ ತೇಲಬೇಕು. ಮೊಣಕಾಲುದ್ದ ನೀರಿಗೆ ಬರುವವರೆಗೆ ಎದ್ದು ನಿಲ್ಲಬಾರದು, ಪಾದ ಬಂಡೆಸಂದಿಗೆ ಸಿಕ್ಕಿದರೆ ನೀರು ಬೆನ್ನನ್ನು ಮುಂದಕ್ಕೆ ಬಗ್ಗಿಸಿ ಮುಳುಗಿಸುತ್ತದೆ. ಮರದ ಮುಂದೆ ಮಾತ್ರ ಈ ಪಾಠವನ್ನು ತಿರುವುಹಾಕಬೇಕು. ಮೊದಲು ಪಕ್ಕಕ್ಕೆ ಈಜಿ ತಪ್ಪಿಸಿಕೊಳ್ಳಿ. ಆಗದಿದ್ದರೆ ಬೋರಲಾಗಿ, ತಲೆ ಮುಂದಾಗಿ, ಮರದ ಕಡೆಗೇ ಜೋರಾಗಿ ಈಜಿ ಎರಡೂ ಕೈಯಿಂದ ಕಾಂಡದ ಮೇಲಕ್ಕೆ ಹತ್ತಿಕೊಳ್ಳಿ. ಕಾಲು ಮುಂದಿಟ್ಟು ಹೋದವರನ್ನು ನೀರು ಕೊಂಬೆಗಳ ಅಡಿಗೆ ಎಳೆದುಬಿಡುತ್ತದೆ.

ಪ್ರಶ್ನೆ: ಎರಡಡಿ ಎತ್ತರದ ಒಂದು ಒಡ್ಡು ಇದೆ, ನೋಡಲು ಏನೂ ಅನ್ನಿಸುವುದಿಲ್ಲ. ಹಾರಿಸಬಹುದೇ?

ಉತ್ತರ: ಬೇಡ. ದಂಡೆಯಿಂದ ದಂಡೆಗೆ ಒಂದೇ ಸಮನಾಗಿ ಕಟ್ಟಿದ ಒಡ್ಡಿನ ಕೆಳಗೆ ನೀರು ಹಿಂದಕ್ಕೆ ಸುರುಳಿ ಸುತ್ತುತ್ತದೆ. ಸಹಜ ಬಂಡೆಯಲ್ಲಾದರೆ ಎಲ್ಲೋ ಒಂದು ಕಡೆ ಬಿಡುವಿರುತ್ತದೆ, ಇಲ್ಲಿ ಇರುವುದಿಲ್ಲ. ಸಿಕ್ಕಿದವರು ಲೈಫ್ ಜಾಕೆಟ್ ಇದ್ದರೂ ಅಲ್ಲೇ ಸುತ್ತುತ್ತಾರೆ. ಮೇಲಿನಿಂದ ಬರುವವರಿಗೆ ಅದು ನೀರಿನ ನುಣುಪು ಗೆರೆಯಂತೆ ಮಾತ್ರ ಕಾಣುತ್ತದೆ. ಇದನ್ನು ಹೊತ್ತು ದಾಟುವ ಜಾಗಗಳ ಪಟ್ಟಿಗೆ ಸೇರಿಸಿ, ಅನುಮತಿ ಪತ್ರದಲ್ಲಿ ನಮೂದಿಸಿ.

ಪ್ರಶ್ನೆ: ನಾಲ್ಕು ಜನ, ನಾಲ್ಕು ಕಯಾಕ್. ಏನೇನು ಒಯ್ಯಬೇಕು?

ಉತ್ತರ: ಪ್ರತಿಯೊಬ್ಬರ ಮೈಮೇಲೆ ಸರಿಯಾಗಿ ಕೂರುವ ಲೈಫ್ ಜಾಕೆಟ್, ಹೆಲ್ಮೆಟ್, ಸೀಟಿ, ಚಾಕು ಇರಬೇಕು. ಕೈಗೆ ಎಟುಕುವಂತೆ 15ರಿಂದ 20 ಮೀಟರಿನ ಥ್ರೋ ಬ್ಯಾಗ್, ಅಂದರೆ ನೀರಿಗೆ ಬಿದ್ದವರತ್ತ ಎಸೆಯುವ ಹಗ್ಗದ ಚೀಲ. ದೋಣಿಯ ಎರಡೂ ತುದಿಯಲ್ಲಿ ಗಾಳಿಚೀಲ, ಏಕೆಂದರೆ ಗಾಳಿಚೀಲವಿಲ್ಲದ ದೋಣಿ ನೀರು ತುಂಬಿದರೆ ಕೈಗೆ ಹತ್ತುವುದಿಲ್ಲ. ಇಬ್ಬರ ಬಳಿ ಬಿಚ್ಚಿ ಜೋಡಿಸುವ ಪ್ಯಾಡಲ್. ರಸ್ತೆ ಹತ್ತಿರವಿದ್ದರೆ ಪ್ಯಾಡಲ್ ಕಳೆದುಕೊಂಡವರು ನಡೆದು ಮನೆಗೆ ಹೋಗಬಹುದು, ಇಲ್ಲಿ ಅವರು ನಡೆಯುವುದು ಬೇರೆಯವರ ಜಮೀನಿನಲ್ಲಿ.

ಸಿಕ್ಕಿಕೊಂಡ ದೋಣಿ ಬಿಡಿಸಲು ಎರಡು ರಾಟೆ, ಸ್ಕ್ರೂ ಬೀಗದ ನಾಲ್ಕು ಕ್ಯಾರಾಬಿನರ್ (ಹಗ್ಗ ಸಿಕ್ಕಿಸುವ ಲೋಹದ ಕೊಂಡಿ), 6 ಮಿ.ಮೀ. ಹಗ್ಗದ ಮೂರು ಪ್ರೂಸಿಕ್ ಕುಣಿಕೆ (ಭಾರ ಬಿದ್ದಾಗ ದೊಡ್ಡ ಹಗ್ಗವನ್ನು ಬಿಗಿಹಿಡಿಯುವ ಕುಣಿಕೆ), 5 ಮೀಟರ್ ನೇಯ್ದ ಪಟ್ಟಿ, ಹಿಗ್ಗದ ಒಂದು ಹಗ್ಗ. ಮಾಮೂಲು ಪಾಲಿಪ್ರೊಪಿಲಿನ್ ಹಗ್ಗ ತೇಲುತ್ತದೆ, ಮನುಷ್ಯರನ್ನು ಎಳೆಯಲು ಒಳ್ಳೆಯದು. ಆದರೆ ಭಾರ ಜಗ್ಗಿದಾಗ ಹಿಗ್ಗುತ್ತದೆ, ಹಾಕಿದ ಬಲದ ಒಂದು ಪಾಲು ಹಿಗ್ಗುವುದಕ್ಕೇ ಹೋಗುತ್ತದೆ, ತುಂಡಾದರೆ ರಬ್ಬರಿನಂತೆ ಎಗರುತ್ತದೆ. ಹೆಚ್ಚು ಹಿಗ್ಗದ ಡೈನೀಮಾ ನಾರಿನ ತಿರುಳಿರುವ ಹಗ್ಗ ಉತ್ತಮ. ರಾಟೆ ಜೋಡಿಸಿ ಒಂದಕ್ಕೆ ಮೂರು ಬಲ ಬರುವಂತೆ ಹಗ್ಗ ಕಟ್ಟುವುದನ್ನು ಎಲ್ಲರೂ ಕಲಿತಿರಬೇಕು. ರಾಟೆಯ ಬದಲು ಬರೀ ಕ್ಯಾರಾಬಿನರ್ ಹಾಕಿದರೆ ಉಜ್ಜಾಟದಲ್ಲಿ ಮೂರರ ಬಲ ಎರಡಕ್ಕೂ ಕಡಿಮೆಯಾಗಬಹುದು. ಹಗ್ಗ ಬಾಗಿದ ಕೋನದ ಒಳಗೆ ಯಾರೂ ನಿಲ್ಲಬಾರದು. ನಡುವೆ ಒಂದು ಒದ್ದೆ ಜಾಕೆಟ್ ತೂಗಿಹಾಕಿ, ಹಗ್ಗ ತುಂಡಾದರೆ ಅದು ಎಗರದಂತೆ ತಡೆಯುತ್ತದೆ. ಇಷ್ಟೆಲ್ಲ ಕಟ್ಟುವ ಮುನ್ನ ದೋಣಿ ಯಾವ ದಿಕ್ಕಿನಿಂದ ಬಂದು ಹೊಕ್ಕಿತೋ ಆ ದಿಕ್ಕಿಗೇ, ಕೋನ ಬದಲಿಸುತ್ತ, ಮೂವರು ಸುಮ್ಮನೆ ಎಳೆದು ನೋಡಿ. ಹೆಚ್ಚಿನವು ಅಷ್ಟಕ್ಕೇ ಬಿಡುತ್ತವೆ.

ದೋಣಿಯ ಪ್ಲಾಸ್ಟಿಕ್ ಸೀಳಿದರೆ ಸೀಳಿನ ಎರಡೂ ತುದಿಗೆ ಚಾಕುಮೊನೆಯಿಂದ ಚಿಕ್ಕ ತೂತು ಮಾಡಿ, ಇಲ್ಲದಿದ್ದರೆ ಸೀಳು ಓಡುತ್ತ ಹೋಗುತ್ತದೆ. ಒರೆಸಿ, ಪೂರ್ತಿ ಒಣಗಿಸಿ, ಬಿಸಿಲಿಗೋ ಮೈಶಾಖಕ್ಕೋ ಬೆಚ್ಚಗಾಗಿಸಿ, ಒಳಗೂ ಹೊರಗೂ ಡಾಂಬರು ಟೇಪು ಅಂಟಿಸಿ. ಟೇಪು ಕಿತ್ತುಬರುವುದಕ್ಕೆ ಕಾರಣ ಬಹುತೇಕ ಟೇಪಲ್ಲ, ಅಡಿಯಲ್ಲಿ ಉಳಿದ ತೇವ.

ಪ್ರಥಮ ಚಿಕಿತ್ಸೆ, ತಲೆದೀಪ, ಬೆಚ್ಚನೆಯ ಒಂದು ಜೊತೆ ಬಟ್ಟೆ, ಇಬ್ಬರು ಹೊಕ್ಕುಕೊಳ್ಳುವ ಬಿವಿ ಚೀಲ (ಗಾಳಿ, ತೇವ ತಡೆಯುವ ಚೀಲ) ಇರಲಿ. ಇವೆಲ್ಲವನ್ನೂ ಒಂದೇ ದೋಣಿಗೆ ತುಂಬಬೇಡಿ. ಆ ದೋಣಿ ಕೊಚ್ಚಿಹೋದರೆ ನಾಲ್ವರೂ ಬರಿಗೈ.

ಪ್ರಶ್ನೆ: ಇಬ್ಬರೇ ಹೋಗಬಹುದೇ?

ಉತ್ತರ: ಇಂಥ ನದಿಗೆ ಬೇಡ. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಗಿರಬೇಕು, ಇಬ್ಬರು ಸಹಾಯ ತರಲು ಹೋಗಬೇಕು. ನಾಲ್ಕು ಜನ ಬೇಕೆಂಬುದು ಈ ಲೆಕ್ಕದಿಂದ. ನದಿಗಳಿಗೆ ಒಂದರಿಂದ ಆರರವರೆಗೆ ದರ್ಜೆ ಕೊಡುವ ಅಂತರರಾಷ್ಟ್ರೀಯ ಮಾಪನವೂ, ನೀರು 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಅಥವಾ ಪ್ರದೇಶ ನಿರ್ಜನವಾಗಿದ್ದರೆ ನದಿ ಒಂದು ದರ್ಜೆ ಹೆಚ್ಚು ಕಠಿಣ ಎಂದೇ ಎಣಿಸಲು ಹೇಳುತ್ತದೆ.

ಪ್ರಶ್ನೆ: ನಡುದಾರಿಯಲ್ಲಿ ಒಬ್ಬರ ಭುಜ ತಪ್ಪಿದರೆ ಏನು ಮಾಡಬೇಕು? ಫೋನ್ ಸಿಗ್ನಲ್ ಇಲ್ಲ.

ಉತ್ತರ: ಮೊದಲು ನೀರಿನಿಂದ ಹೊರಗೆ, ಅದು ಯಾರ ಜಮೀನೇ ಆಗಿರಲಿ. ತಣ್ಣನೆಯ ನೀರಿಗೆ ಬಿದ್ದವರ ವಿಷಯದಲ್ಲಿ 1-10-1 ಎಂಬ ಸೂತ್ರ ನೆನಪಿಡಿ: ಏದುಸಿರು ಹತೋಟಿಗೆ ಬರಲು ಒಂದು ನಿಮಿಷ, ಕೈಕಾಲು ಹೇಳಿದಂತೆ ಕೇಳುವುದು ಸುಮಾರು ಹತ್ತು ನಿಮಿಷ, ಮೈ ತಣ್ಣಗಾಗಿ ಪ್ರಜ್ಞೆ ತಪ್ಪಲು ಒಂದು ಗಂಟೆ. ಹಗ್ಗ ಎಸೆದರೆ ಹಿಡಿಯುವ ಬಲ ಇರುವುದು ಆ ಹತ್ತು ನಿಮಿಷ ಮಾತ್ರ.

ಭುಜವನ್ನು ಅರಿಯದವರು ಕೂರಿಸಲು ಹೋಗಬೇಡಿ. ಅವರಿಗೆ ನೋವು ಕಡಿಮೆ ಎನಿಸುವ ಭಂಗಿಯಲ್ಲಿ ಕೈಯನ್ನು ಎದೆಗೆ ಕಟ್ಟಿ, ಬೆರಳುಗಳ ಬಣ್ಣ, ಸ್ಪರ್ಶ ಆಗಾಗ ನೋಡುತ್ತಿರಿ. ಒದ್ದೆ ಬಟ್ಟೆ ಬದಲಿಸಿ ಬಿವಿ ಚೀಲದೊಳಗೆ ಕೂರಿಸಿ.

ನಡೆಯಬಲ್ಲರಾದರೆ ನಕ್ಷೆಯಲ್ಲಿ ಗುರುತಿಸಿದ ಹತ್ತಿರದ ಗೇಟಿಗೆ ಹೋಗಿ. ನಡೆಯಲಾಗದಿದ್ದರೆ ತುರ್ತು ಬೀಕನ್ ಒತ್ತಿ. 406 ಮೆಗಾಹರ್ಟ್ಸ್‌ನ ಬೀಕನ್ ಕಾಸ್ಪಾಸ್-ಸಾರ್ಸಾಟ್ ಎಂಬ ಅಂತರರಾಷ್ಟ್ರೀಯ ರಕ್ಷಣಾ ವ್ಯವಸ್ಥೆಯ ಉಪಗ್ರಹಗಳ ಮೂಲಕ ರಕ್ಷಣಾ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತದೆ, ಒಮ್ಮೆ ಒತ್ತಿದರೆ ಕನಿಷ್ಠ 24 ಗಂಟೆ ಸಂಕೇತ ಕಳಿಸುತ್ತದೆ. ಆದರೆ ಅದಕ್ಕೆ ತೆರೆದ ಆಕಾಶ ಬೇಕು. ಕಮರಿಯ ಬುಡದಲ್ಲಿ ಒತ್ತಿ ಜೇಬಿಗೆ ಹಾಕಿಕೊಂಡರೆ ಉಪಯೋಗವಿಲ್ಲ. ಆಂಟೆನಾ ಪೂರ್ತಿ ಬಿಚ್ಚಿ, ಆಕಾಶ ಹೆಚ್ಚು ಕಾಣುವ ಬಂಡೆಯ ಮೇಲೆ ನೆಟ್ಟಗೆ ಇಟ್ಟು ಅಲ್ಲೇ ಬಿಡಿ. ಬೀಕನ್ ನಿಮ್ಮ ಹೆಸರಿನಲ್ಲಿ ನೋಂದಣಿಯಾಗಿರಲಿ, ಲೈಫ್ ಜಾಕೆಟ್ಟಿನ ಜೇಬಿನಲ್ಲಿರಲಿ, ದೋಣಿಯಲ್ಲಿ ಅಲ್ಲ. ಉಪಗ್ರಹ ಫೋನ್, ಸಂದೇಶ ಸಾಧನಗಳಿಗೆ ಕೆಲವು ದೇಶಗಳಲ್ಲಿ ಸರ್ಕಾರದ ಅನುಮತಿ ಬೇಕು, ಕೊಳ್ಳುವ ಮೊದಲೇ ವಿಚಾರಿಸಿ.

ಮನೆಯಲ್ಲಿ ಒಬ್ಬರಿಗೆ ಒಂದು ಚೀಟಿ ಕೊಟ್ಟು ಬನ್ನಿ: ಇಳಿಯುವ ಜಾಗ, ಹೊರಬರುವ ಗೇಟುಗಳು, ಜಮೀನುದಾರರ ನಂಬರುಗಳು, ದೋಣಿಗಳ ಬಣ್ಣ, ಮತ್ತು ‘ರಾತ್ರಿ 8ರೊಳಗೆ ನಮ್ಮ ಫೋನ್ ಬರದಿದ್ದರೆ ಈ ನಂಬರಿಗೆ ಕರೆ ಮಾಡಿ’ ಎಂಬ ಒಂದು ಸಾಲು. ಹೊತ್ತು ಬರೆಯದಿದ್ದರೆ ಮನೆಯವರು ‘ಇನ್ನೇನು ಬಂದಾರು’ ಎಂದು ಕಾಯುತ್ತ ಬೆಳಗು ಮಾಡುತ್ತಾರೆ.

ಸಹಾಯಕ್ಕೆ ಹೊರಟ ಇಬ್ಬರು ಬೆಳೆ ತುಳಿಯದೆ, ಬದುವಿನ ಮೇಲೆ, ಮೊದಲು ಕಂಡ ಮನೆಗೆ ಹೋಗಿ ನಡೆದದ್ದನ್ನು ಹೇಳಬೇಕು. ಯಾವ ಗೇಟಿನಿಂದ ಗಾಡಿ ಒಳಗೆ ಬರುತ್ತದೆ, ಬೀಗದ ಕೈ ಯಾರ ಬಳಿ ಇದೆ ಎಂದು ಅಲ್ಲೇ ಕೇಳಿ ಆಂಬುಲೆನ್ಸಿನವರಿಗೆ ತಿಳಿಸಬೇಕು. ಗಾಯಾಳು ಆಸ್ಪತ್ರೆ ಸೇರಿದ ಮೇಲೆ ಅದೇ ದಿನ ಜಮೀನುದಾರರಿಗೆ ಫೋನ್ ಮಾಡಿ, ಎಲ್ಲಿ ಹತ್ತಿದಿರಿ, ಏನು ಮುರಿಯಿತು, ಯಾವ ಗೇಟು ತೆರೆದಿರಿ ಎಂದು ತಿಳಿಸಿ. ದಡದಲ್ಲಿ ಬಿಟ್ಟ ದೋಣಿಗಳನ್ನು ತರಲು ಯಾವಾಗ ಬರಬಹುದು ಎಂದೂ ಆಗಲೇ ಕೇಳಿಕೊಳ್ಳಿ.